ಹಳೆಯ ಕಂಪ್ಯೂಟರಿನ ಪರದೆ ಕಪ್ಪಾಗಿಯೇ ಉಳಿದರೆ

ಅಟ್ಟದಿಂದ ಇಳಿಸಿದ ಹಳೆಯ ಕಂಪ್ಯೂಟರನ್ನು ಕಂಡೊಡನೆ ಎಲ್ಲರಿಗೂ ಬರುವ ಆಸೆ ಒಂದೇ: ವೈರು ಸಿಕ್ಕಿಸಿ ಸ್ವಿಚ್ ಒತ್ತುವುದು. ದಶಕಗಳ ಕಾಲ ಸುಮ್ಮನೆ ಕುಳಿತ ಯಂತ್ರಕ್ಕೆ ಅದರಿಂದಲೇ ಕುತ್ತು ಬರುವುದುಂಟು. ಈಗಾಗಲೇ ಒತ್ತಿದ್ದು, ಪರದೆ ಕಪ್ಪಾಗಿಯೇ ಉಳಿದಿದ್ದರೆ ಮತ್ತೆ ಮತ್ತೆ ಒತ್ತಬೇಡಿ. ಪ್ಲಗ್ ಕಿತ್ತು ಪಕ್ಕಕ್ಕಿಡಿ.

ಮೊದಲು ಕೆಟ್ಟಿರುವುದು ಮಾನಿಟರೋ ಕಂಪ್ಯೂಟರೋ ಎಂಬುದನ್ನು ತಿಳಿಯಬೇಕು. ಮಾನಿಟರ್ ಒಂದಕ್ಕೇ ವಿದ್ಯುತ್ ಕೊಟ್ಟು ಬ್ರೈಟ್‌ನೆಸ್ ತಿರುಪನ್ನು ಪೂರ್ತಿ ಏರಿಸಿ. ನಗಬೇಡಿ, ಈ ತಿರುಪು ಇಳಿದಿದ್ದುದನ್ನು ಗಮನಿಸದೆ ನಾನು ಒಂದು ಭಾನುವಾರವನ್ನೇ ಕಳೆದಿದ್ದೇನೆ. ದಪ್ಪ ಗಾಜಿನ ಸಿಆರ್‌ಟಿ ಮಾನಿಟರ್ ಆದರೆ ಮುಂಗೈಯನ್ನು ಪರದೆಯ ಹತ್ತಿರ ತನ್ನಿ. ರೋಮ ನಿಮಿರಿ ಚಟಚಟ ಎಂದರೆ ಒಳಗೆ ಹೈ ವೋಲ್ಟೇಜ್ ಹುಟ್ಟುತ್ತಿದೆ. ಕೋಣೆಯ ದೀಪ ಆರಿಸಿ ಹಿಂಬದಿಯ ಗಾಳಿಕಿಂಡಿಯಲ್ಲಿ ಇಣುಕಿದರೆ ಕೊಳವೆಯ ಕುತ್ತಿಗೆಯಲ್ಲಿ ಕೆಂಡದ ಬಣ್ಣದ ಸಣ್ಣ ಬೆಳಕು ಕಾಣಬೇಕು. ಇವೆರಡೂ ಇದ್ದರೆ ಸಂಶಯ ಕಂಪ್ಯೂಟರಿನ ಕಡೆಗೆ ತಿರುಗುತ್ತದೆ. ಇಲ್ಲದಿದ್ದರೂ ಮಾನಿಟರಿನ ಹೊಟ್ಟೆ ಬಗೆಯಬೇಡಿ. ಬಣ್ಣದ ಕೊಳವೆಗೆ ಇಪ್ಪತ್ತು ಸಾವಿರ ವೋಲ್ಟ್‌ಗೂ ಮೇಲೆ ಬೇಕು, ಪ್ಲಗ್ ಕಿತ್ತ ಮೇಲೂ ಅದರ ಚಾರ್ಜ್ ಉಳಿದಿರಬಹುದು. ಅದು ಬಲ್ಲವರ ಕೆಲಸ.

ಕೇಬಲ್ಲಿನ ತುದಿಯನ್ನೂ ನೋಡಿ. ಮಾನಿಟರಿಗೆ ಚಿತ್ರ ಕಳಿಸುವ ಪದ್ಧತಿಗಳಲ್ಲಿ, 1987ರಲ್ಲಿ ಬಂದ ವಿಜಿಎಗೆ ಮೂರು ಸಾಲಿನ 15 ಪಿನ್ನುಗಳು. ಅದಕ್ಕಿಂತ ಹಿಂದಿನ ಎಂಡಿಎ ಮತ್ತು ಸಿಜಿಎ ಎರಡಕ್ಕೂ 9 ಪಿನ್. ಕನೆಕ್ಟರ್ ಒಂದಕ್ಕೊಂದು ಕೂರುತ್ತದೆ, ಸಿಗ್ನಲ್ ಮಾತ್ರ ಬೇರೆ: ಪರದೆಯ ಮೇಲೆ ಗೆರೆ ಎಳೆಯುವ ವೇಗ ಎಂಡಿಎಯದು ಸುಮಾರು 18.4 ಕಿಲೋಹರ್ಟ್ಸ್, ಸಿಜಿಎಯದು 15.7. ತಪ್ಪು ಜೋಡಿ ಮಾಡಿದರೆ ಚಿತ್ರ ಬಾರದಿರುವುದು ಒತ್ತಟ್ಟಿಗಿರಲಿ, ಹಳೆಯ ಏಕವರ್ಣ (ಎಂಡಿಎ) ಮಾನಿಟರ್ ಸುಟ್ಟೇ ಹೋಗಬಹುದು.

ಈಗ ಕಂಪ್ಯೂಟರಿನ ಡಬ್ಬಿ ತೆರೆಯಿರಿ, ಪ್ಲಗ್ ಹೊರಗಿರಲಿ. 386, 486 ಪ್ರೊಸೆಸರ್ ಕಾಲದ ಮದರ್‌ಬೋರ್ಡ್‌ಗಳಲ್ಲಿ, ಸಾಮಾನ್ಯವಾಗಿ ಕೀಬೋರ್ಡ್ ಕನೆಕ್ಟರಿನ ಆಸುಪಾಸಿನಲ್ಲಿ, ಪುಟ್ಟ ಪೀಪಾಯಿಯಂಥ ಬ್ಯಾಟರಿ ಇರುತ್ತದೆ. ಅದರ ಸುತ್ತ ಹಸಿರು-ನೀಲಿ ಹಕ್ಕಳೆ ಕಟ್ಟಿದ್ದರೆ ಕಾಯಿಲೆ ಅರ್ಧ ಸಿಕ್ಕಂತೆ. ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಕಕ್ಕಿದ ಕ್ಷಾರ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಸೋರಿರಲಿ ಬಿಡಲಿ, ಅದನ್ನು ಕತ್ತರಿಸಿ ತೆಗೆಯಿರಿ. ಹಕ್ಕಳೆಯನ್ನು ಬಿಳಿ ವಿನೆಗರ್ ಅದ್ದಿದ ಬ್ರಷ್‌ನಿಂದ ಉಜ್ಜಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಒಣಗಿಸಿ. ಕಪ್ಪಾದ ಗೆರೆಗಳ ಎರಡು ತುದಿಗಳಿಗೆ ಮಲ್ಟಿಮೀಟರ್ (ವಿದ್ಯುತ್ ಅಳೆಯುವ ಮೀಟರ್) ಹಿಡಿದು, ಸಂಪರ್ಕವಿದ್ದರೆ ಕೂಗುವ ಸ್ಥಾನಕ್ಕೆ ತಿರುಗಿಸಿ, ಕೂಗುತ್ತದೆಯೇ ನೋಡಿ. ಕೂಗದಿದ್ದರೆ ಗೆರೆ ತುಂಡಾಗಿದೆ, ತೆಳು ತಂತಿ ಬೆಸೆಯಬೇಕು.

ಮುಂದಿನದು ಪವರ್ ಸಪ್ಲೈ. ಹಳೆಯ ಎಟಿ ಮಾದರಿಯಲ್ಲಿ ಮದರ್‌ಬೋರ್ಡ್‌ಗೆ ಎರಡು ಪ್ರತ್ಯೇಕ ಕನೆಕ್ಟರ್‌ಗಳು ಹೋಗುತ್ತವೆ. ಕಿತ್ತು ಮತ್ತೆ ಸಿಕ್ಕಿಸುವಾಗ ಎರಡರ ಕಪ್ಪು ತಂತಿಗಳೂ ನಡುವೆ ಒಟ್ಟಿಗೆ ಬರಬೇಕು. ಅದಲುಬದಲಾದರೆ ಬೋರ್ಡಿನ ಆಸೆ ಬಿಡಿ. ವಿದ್ಯುತ್ ಕೊಟ್ಟು, ಕಪ್ಪು ತಂತಿಗೆ ಹೋಲಿಸಿ ಕೆಂಪನ್ನು ಅಳೆಯಿರಿ: 4.75ರಿಂದ 5.25 ವೋಲ್ಟ್ ಒಳಗಿರಬೇಕು. ಹಳದಿಯಲ್ಲಿ ಸುಮಾರು 12.

ಫ್ಯಾನು ಒಮ್ಮೆ ಕುಲುಕಿ ನಿಂತರೆ ಎಲ್ಲೋ ಶಾರ್ಟ್ ಆಗಿದೆ, ಸಪ್ಲೈ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ. ಇದರಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಹನಿಯಾಕಾರದ ಟ್ಯಾಂಟಲಮ್ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಪುಟ್ಟ ಭಾಗ) ಮೇಲೆ. ನನ್ನ 286 ಕಂಪ್ಯೂಟರಿನಲ್ಲಿ ಅಂಥದೊಂದು ಪಟಾಕಿಯಂತೆ ಸಿಡಿಯಿತು. ಕೋಣೆಯೆಲ್ಲ ಕಮಟು, ಬೋರ್ಡಿನ ಮೇಲೆ ಕಡಲೆಬೇಳೆಯಷ್ಟು ಮಸಿ. ಸುಟ್ಟ ಆ ಕಾಳನ್ನು ಕಿತ್ತು ಹಾಕಿದ್ದೇ ತಡ, ಯಂತ್ರ ಎದ್ದು ಕುಳಿತಿತು! ಎಲ್ಲವೂ ಹೀಗೆ ಸಿಡಿದು ತಮ್ಮ ಗುರುತು ಹೇಳುವುದಿಲ್ಲ. ಪ್ಲಗ್ ಕಿತ್ತು, 12 ವೋಲ್ಟ್ ಮತ್ತು 5 ವೋಲ್ಟ್ ಗೆರೆಗಳಿಂದ ಗ್ರೌಂಡಿಗೆ (ಕಪ್ಪು ತಂತಿಗೆ) ರೆಸಿಸ್ಟೆನ್ಸ್ ಅಳೆಯಿರಿ. ಸೊನ್ನೆಯ ಹತ್ತಿರ ತೋರಿಸಿದರೆ ಕಾರ್ಡುಗಳನ್ನು ಒಂದೊಂದಾಗಿ ತೆಗೆಯುತ್ತ, ಯಾವುದನ್ನು ತೆಗೆದಾಗ ಅಂಕಿ ಏರುತ್ತದೆ ಎಂದು ಗಮನಿಸಿ.

ಸಪ್ಲೈ ಸರಿಯಿದ್ದರೂ ಪರದೆ ಕಪ್ಪೇ? ಹಾರ್ಡ್ ಡಿಸ್ಕ್, ಫ್ಲಾಪಿ, ಸೌಂಡ್ ಕಾರ್ಡ್ ಎಲ್ಲವನ್ನೂ ಬಿಡಿಸಿ. ಮದರ್‌ಬೋರ್ಡ್, ಮೆಮೊರಿ, ವಿಡಿಯೊ ಕಾರ್ಡ್, ಸ್ಪೀಕರ್ ಸಾಕು. ಕೆಲವು ಹಳೆಯ ಸಪ್ಲೈಗಳು ಇಷ್ಟು ಕಡಿಮೆ ಹೊರೆಯಲ್ಲಿ ಏಳುವುದಿಲ್ಲ, ಆಗ ಹಾರ್ಡ್ ಡಿಸ್ಕಿನ ಪವರ್ ವೈರು ಮಾತ್ರ ಮರಳಿ ಸಿಕ್ಕಿಸಿ. ಕಾರ್ಡಿನ ಅಂಚಿನ ಮಿಂಚುಪಟ್ಟಿಗಳನ್ನು ಆಲ್ಕೋಹಾಲಿನಿಂದ ಒರೆಸಿ ಮತ್ತೆ ಕೂರಿಸಿ. ಸಾಕೆಟ್‌ನಲ್ಲಿರುವ ಚಿಪ್‌ಗಳು ವರ್ಷಗಳ ಬಿಸಿ-ತಂಪಿಗೆ ನಿಧಾನವಾಗಿ ಮೇಲೇಳುತ್ತವೆ. ಹೆಬ್ಬೆರಳಿನಿಂದ ಒತ್ತಿದಾಗ ‘ಕಿರ್’ ಎಂದು ಇಳಿದರೆ ಅದೇ ಕಳ್ಳ ಇರಬಹುದು.

ಈಗ ಸ್ವಿಚ್ ಹಾಕಿ ಕಿವಿಗೊಡಿ. ಐಬಿಎಂ ಪಿಸಿಗಳಲ್ಲಿ ಒಂದು ಗಿಡ್ಡ ಬೀಪ್ ಎಂದರೆ ಎಲ್ಲ ಕ್ಷೇಮ. ಒಂದು ಉದ್ದ, ಎರಡು ಗಿಡ್ಡ ಎಂದರೆ ವಿಡಿಯೊ ದೋಷ. ಎಎಂಐ ಕಂಪನಿಯ ಬಯಾಸ್ (ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶ) ಎಂಟು ಬಾರಿ ಕೂಗಿದರೆ ವಿಡಿಯೊ ಮೆಮೊರಿಯ ದೂರು. ಏನೂ ಕೂಗದಿದ್ದರೆ ನಮ್‌ಲಾಕ್ ಒತ್ತಿ ನೋಡಿ. ಕೀಬೋರ್ಡಿನ ದೀಪ ಹತ್ತಿ ಆರಿದರೆ ಯಂತ್ರಕ್ಕೆ ಜೀವವಿದೆ, ಬಾಯಿ ಮಾತ್ರ ಕಟ್ಟಿದೆ. ಆಗ ಬೇರೊಂದು ವಿಡಿಯೊ ಕಾರ್ಡ್ ಹಾಕಿ ನೋಡುವುದೇ ನೇರ ದಾರಿ.

ಅಕ್ಷರ ಮೂಡಿದಾಗ ಮೊದಲ ಸಾಲೇ ಸಿಮಾಸ್ (ಬ್ಯಾಟರಿಯ ಬಲದಲ್ಲಿ ಸೆಟ್ಟಿಂಗ್ ನೆನಪಿಡುವ ಮೆಮೊರಿ) ದೋಷದ ಸಂದೇಶವಾಗಿದ್ದರೆ ಗಾಬರಿ ಬೇಡ. ಬ್ಯಾಟರಿ ಕತ್ತರಿಸಿದವರು ನೀವೇ ತಾನೆ? ಸೆಟಪ್ ಒಳಗೆ ಹೋಗಿ ದಿನಾಂಕ ಮತ್ತು ಡಿಸ್ಕಿನ ವಿವರ ತುಂಬಿ.