ಪಿಕಪ್ ಮೇಲೆ ಕ್ಯಾಂಪರ್, ಹಿಂದೆ ಟ್ರೇಲರ್: ತೂಕದ ಲೆಕ್ಕ ಹೀಗೆ ಹಾಕಿ

ಮಲಗಲು, ಅಡುಗೆ ಮಾಡಲು ಜಾಗವಿರುವ ಪುಟ್ಟ ಮನೆಯೊಂದನ್ನು ಪಿಕಪ್ ಟ್ರಕ್ಕಿನ ಬೆಡ್ (ಸಾಮಾನು ಹೇರುವ ಹಿಂಬದಿಯ ತೆರೆದ ತೊಟ್ಟಿ) ಮೇಲೆ ಕೂರಿಸಿದರೆ ಅದು ಟ್ರಕ್ ಕ್ಯಾಂಪರ್. ಬೇಸಿಗೆ ರಜೆಯಲ್ಲಿ ನ್ಯಾಷನಲ್ ಪಾರ್ಕ್‌ಗಳಿಗೆ ಹೊರಡುವ ಅಮೆರಿಕದ ಕುಟುಂಬಗಳಿಗೆ, ಅಲ್ಲಿ ನೆಲೆಸಿರುವ ನಮ್ಮವರಿಗೂ, ಇದರಿಂದ ಆಗುವ ದೊಡ್ಡ ಅನುಕೂಲವೆಂದರೆ ಹಿಂದಿನ ಹಿಚ್, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿ, ಖಾಲಿ ಉಳಿಯುವುದು. ದೋಣಿಯನ್ನೋ ಬೈಕ್‌ಗಳನ್ನೋ ಟ್ರೇಲರ್‌ನಲ್ಲಿ ಎಳೆದೊಯ್ಯಬಹುದು. ಆದರೆ ಮೇಲೆ ಹೊತ್ತು ಹಿಂದೆ ಎಳೆಯುವಾಗ ಎರಡರ ಭಾರವೂ ಒಂದೇ ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ ಬೀಳುತ್ತದೆ. ಬಹುತೇಕ ತೊಂದರೆಗಳ ಮೂಲ ಇದೇ.

ಮೊದಲು ಕ್ಯಾಂಪರ್, ಆಮೇಲೆ ಟ್ರಕ್

ಹೆಚ್ಚಿನವರು ಟ್ರಕ್ ಕೊಂಡು, ನಂತರ ಅದಕ್ಕೆ ಹೊಂದುವ ಕ್ಯಾಂಪರ್ ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಿ. ಕ್ಯಾಂಪರ್ ಯಾವುದೆಂದು ತೀರ್ಮಾನವಾದರೆ ಎಂಥ ಟ್ರಕ್ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಕ್ಯಾಂಪರಿನ ಮೇಲೆ ಬರೆದಿರುವ ‘ಡ್ರೈ ವೇಟ್’ ನಂಬಿ ಕೂರಬೇಡಿ. ನೀರು, ಸಾಮಾನು ಅದರಲ್ಲಿ ಸೇರಿರುವುದಿಲ್ಲ. ಎಷ್ಟೋ ಸಲ ಎ.ಸಿ., ಜನರೇಟರ್, ಬಿಸಿಲ ಮರೆಯ ತೂಕವೂ ಸೇರಿರುವುದಿಲ್ಲ. ಒಂದು ಉದಾಹರಣೆ ನೋಡಿ (1 ಪೌಂಡ್ ಎಂದರೆ ಸುಮಾರು 454 ಗ್ರಾಂ). ಡ್ರೈ ವೇಟ್ 2,900 ಪೌಂಡ್ ಇರಲಿ. ಒಂದು ಗ್ಯಾಲನ್ ನೀರು 8.34 ಪೌಂಡ್ ತೂಗುವುದರಿಂದ 40 ಗ್ಯಾಲನ್ ಟ್ಯಾಂಕ್ ತುಂಬಿದರೆ 334 ಪೌಂಡ್. ಎರಡು ಸಿಲಿಂಡರ್‌ಗಳಲ್ಲಿ ಪ್ರೊಪೇನ್ ಅನಿಲವೇ 40, ಎರಡು ಬ್ಯಾಟರಿ 120, ಬಿಗಿಯುವ ಸಾಧನ ಮತ್ತು ಹಿಚ್ಚಿನ ಹೆಚ್ಚುವರಿ ಕಬ್ಬಿಣ 150, ಪಾತ್ರೆ, ದಿನಸಿ, ಬಟ್ಟೆ, ಹಾಸಿಗೆ 400. ಒಟ್ಟು 3,944 ಪೌಂಡ್. ಟ್ರೇಲರ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಬಳಸಿದ ನೀರು ಕೊಳಚೆ ಟ್ಯಾಂಕಿಗೆ ಇಳಿಯುತ್ತದೆಯೇ ಹೊರತು ಗಾಡಿಯಿಂದ ಇಳಿಯುವುದಿಲ್ಲ ಎಂಬುದೂ ನೆನಪಿರಲಿ.

ಇನ್ನು ಟ್ರಕ್. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿರುವ ಪಟ್ಟಿಯಲ್ಲಿ ಎರಡು ಅಂಕಿಗಳನ್ನು ಬರೆದುಕೊಳ್ಳಿ: ಜಿ.ವಿ.ಡಬ್ಲ್ಯು.ಆರ್., ಅಂದರೆ ತುಂಬಿದ ಗಾಡಿ ಮುಟ್ಟಬಹುದಾದ ಗರಿಷ್ಠ ತೂಕ. ಮತ್ತು ಹಿಂದಿನ ಆಕ್ಸಲ್‌ನ ಮಿತಿ. ಇಂಧನ ತುಂಬಿಸಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೆದ್ದಾರಿಯ ಟ್ರಕ್ ನಿಲ್ದಾಣದಲ್ಲಿರುವ ‘ಕ್ಯಾಟ್ ಸ್ಕೇಲ್’ ತೂಕಸೇತುವೆಗೆ ಹೋಗಿ. ಅಲ್ಲಿ ಪ್ರತಿ ಆಕ್ಸಲ್‌ನ ತೂಕ ಬೇರೆ ಬೇರೆಯಾಗಿ ಅಚ್ಚಾದ ಚೀಟಿ ಸಿಗುತ್ತದೆ. ಗರಿಷ್ಠ ತೂಕದಿಂದ ಚೀಟಿಯಲ್ಲಿರುವ ಒಟ್ಟು ತೂಕ ಕಳೆದರೆ ಉಳಿಯುವುದೇ ನಿಮ್ಮ ನಿಜವಾದ ಪೇಲೋಡ್, ಅಂದರೆ ಇನ್ನೂ ಹೇರಬಹುದಾದ ಭಾರ. ಮಿತಿ 14,000 ಇದ್ದು ಗಾಡಿ 8,700 ತೂಗಿದರೆ 5,300 ಪೌಂಡ್ ಉಳಿಯಿತು. ಮೇಲಿನ ಕ್ಯಾಂಪರಿಗೆ ಸಾಕು. ಮಿತಿ 11,500 ಇದ್ದು 7,900 ತೂಗಿದರೆ ಉಳಿಯುವುದು 3,600. ಟ್ರೇಲರ್ ಇಲ್ಲದೆಯೂ ಸಾಲದು. ಆದ್ದರಿಂದ ಇಂಥ ಕ್ಯಾಂಪರಿಗೆ ಹಿಂದೆ ಜೋಡಿ ಚಕ್ರಗಳಿರುವ ‘ಡ್ಯುಯಲಿ’ಯೇ ಸರಿ: ಫೋರ್ಡ್ ಎಫ್-350, ರ‍್ಯಾಮ್ 3500 ದರ್ಜೆಯವು. ಸ್ಪ್ರಿಂಗ್‌ಗೆ ನೆರವಾಗುವ ಏರ್ ಬ್ಯಾಗ್ (ಗಾಳಿಚೀಲ), ಹೆಚ್ಚುವರಿ ಸ್ಪ್ರಿಂಗ್ ಹಾಕಿಸಿದರೆ ಗಾಡಿ ಜಗ್ಗುವುದು ನಿಲ್ಲುತ್ತದೆ, ಆದರೆ ಬಾಗಿಲ ಪಟ್ಟಿಯಲ್ಲಿರುವ ಮಿತಿ ಒಂದು ಪೌಂಡೂ ಏರುವುದಿಲ್ಲ.

ಕ್ಯಾಂಪರಿನ ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ಗಿಂತ ಮುಂದೆಯೇ ಬೀಳಬೇಕು. ಕ್ಯಾಂಪರಿನ ಪಕ್ಕದಲ್ಲಿ ಅದರ ಗುರುತು ಇರುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಬರಬಹುದೆಂಬುದು ಟ್ರಕ್ಕಿನ ಕೈಪಿಡಿಯಲ್ಲಿದೆ. 8 ಅಡಿ ಬೆಡ್‌ಗೆಂದು ಮಾಡಿದ ಕ್ಯಾಂಪರನ್ನು ಆರೂವರೆ ಅಡಿಯ ಬೆಡ್ ಮೇಲೆ ಹೇರಿದಾಗ ತಪ್ಪುವುದು ಇದೇ.

ಹಿಚ್ ಹಿಂದೆ ಸರಿದಂತೆ

ಕ್ಯಾಂಪರಿನ ಹಿಂಭಾಗ ಬಂಪರ್ ದಾಟಿ ಎರಡು ಮೂರು ಅಡಿ ಚಾಚಿರುವುದರಿಂದ ಟ್ರೇಲರ್ ಕಟ್ಟಲು ಹಿಚ್‌ಗೆ ಎಕ್ಸ್‌ಟೆನ್ಷನ್, ಅಂದರೆ ಅದನ್ನು ಹಿಂದಕ್ಕೆ ಉದ್ದ ಮಾಡುವ ಕಂಬಿ, ಬೇಕು. ಅತಿ ಹೆಚ್ಚು ಎಚ್ಚರ ಬೇಕಾದ ಭಾಗ ಇದು.

ಟ್ರೇಲರಿನ ಮೂತಿ ಹಿಚ್ ಚೆಂಡಿನ ಮೇಲೆ ಹಾಕುವ ಭಾರ, ಅಂದರೆ ಟಂಗ್ ವೇಟ್, ತುಂಬಿದ ಟ್ರೇಲರಿನ ತೂಕದ ಶೇ 10ರಿಂದ 15ರಷ್ಟಿರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಎಡಬಲ ಓಲಾಡಲು ತೊಡಗುತ್ತದೆ. 4,500 ಪೌಂಡಿನ ಟ್ರೇಲರಿಗೆ 500 ಪೌಂಡ್ ಎಂದಿಟ್ಟುಕೊಳ್ಳಿ. ಅದೂ ಪೇಲೋಡ್‌ನಲ್ಲೇ ಸೇರುತ್ತದೆ, 3,944 ಇದ್ದದ್ದು 4,444 ಆಯಿತು. ಅಷ್ಟಕ್ಕೇ ಮುಗಿಯುವುದಿಲ್ಲ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 160 ಇಂಚು, ಚೆಂಡು ಹಿಂದಿನ ಆಕ್ಸಲ್‌ಗಿಂತ 50 ಇಂಚು ಹಿಂದೆ ಇದ್ದರೆ ಆ 500 ಪೌಂಡ್ ಹಿಂದಿನ ಆಕ್ಸಲ್‌ಗೆ 656 ಪೌಂಡ್ ಆಗಿ ತಗಲುತ್ತದೆ, ಮುಂದಿನ ಚಕ್ರಗಳು 156 ಪೌಂಡ್ ಹಗುರಾಗುತ್ತವೆ. 40 ಇಂಚಿನ ಎಕ್ಸ್‌ಟೆನ್ಷನ್ ಹಾಕಿದರೆ ಹಿಂದೆ 781, ಮುಂದೆ 281 ಹಗುರ. ಎತ್ತಿನ ಗಾಡಿಗೆ ಹಿಂಭಾರವಾದರೆ ನೊಗ ಮೇಲೇಳುವ ಹಾಗೆ, ಸ್ಟಿಯರಿಂಗ್ ತೇಲಿದಂತಾಗಿ ಮುಂದಿನ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ.

ಹಿಚ್ಚಿನ ಸಾಮರ್ಥ್ಯವೂ ಕುಗ್ಗುತ್ತದೆ. ಸಾಮಾನ್ಯ ರಿಸೀವರಿಗೆ (ಹಿಚ್ಚಿನ ಕಂಬಿ ತೂರಿಸುವ ಚೌಕ ಕೊಳವೆ) ಉದ್ದದ ಎಕ್ಸ್‌ಟೆನ್ಷನ್ ತೂರಿಸಿದರೆ ಅದರ ಎಳೆಯುವ ಮಿತಿ ಅರ್ಧಕ್ಕೆ ಇಳಿಯುವುದುಂಟು. ತಯಾರಕರ ಪಟ್ಟಿಯಲ್ಲಿ ಎಷ್ಟೆಂದು ನೋಡಿಯೇ ಕೊಳ್ಳಿ. ಭಾರದ ಟ್ರೇಲರ್ ಎಳೆಯುವವರು ಟಾರ್ಕ್‌ಲಿಫ್ಟ್‌ನ ಸೂಪರ್‌ಹಿಚ್‌ನಂತೆ ಮೇಲೊಂದು ಕೆಳಗೊಂದು ಎರಡು ರಿಸೀವರ್ ಇರುವ, ಕ್ಯಾಂಪರಿಗೆಂದೇ ಮಾಡಿದ ಹಿಚ್ ಹಾಕಿಸುವುದು ಲೇಸು. ದುಬಾರಿ, ಆದರೆ ಉಳಿತಾಯ ಮಾಡುವ ಜಾಗ ಇದಲ್ಲ. ಕೊಳ್ಳುವ ಮುನ್ನ ಟ್ರೇಲರನ್ನು ಪೂರ್ತಿ ತಿರುಗಿಸಿದಾಗ ಅದರ ಮೂಲೆ ಕ್ಯಾಂಪರಿನ ಗೋಡೆಗೆ, ಜ್ಯಾಕಿನ ಹಿಡಿ ಮೆಟ್ಟಿಲಿಗೆ ತಾಗದಂತೆ ಅಳೆದುಕೊಳ್ಳಿ.

ವಿದ್ಯುತ್ ಮತ್ತು ಬ್ರೇಕ್

ಬಂಪರಿನಲ್ಲಿರುವ ಏಳು ಪಿನ್ನಿನ ಸಾಕೆಟ್ ಟ್ರೇಲರಿಗೆ ಬೇಕು; ಕ್ಯಾಂಪರಿಗೆ ಬೆಡ್ ಒಳಗೆ ಇನ್ನೊಂದು ಹಾಕಿಸಿ. ಟ್ರೇಲರಿನ ತಂತಿ ಉದ್ದವಾದಾಗ ತೆಳು ತಂತಿ ಬಳಸಿದರೆ ವೋಲ್ಟೇಜ್ ಇಳಿದು ವಿದ್ಯುತ್ ಬ್ರೇಕ್ ಸಡಿಲವಾಗುತ್ತದೆ. ಟ್ರೇಲರಿಗೆ ಎಷ್ಟು ತೂಕದಿಂದ ಬ್ರೇಕ್ ಕಡ್ಡಾಯ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ದೋಣಿ, ಬೈಕ್ ಒಯ್ಯುವಂಥ ಟ್ರೇಲರಿಗೆ 3,000 ಪೌಂಡ್. ಅಲ್ಲಿ ಟ್ರೇಲರ್ ಎಳೆಯುವಾಗ ವೇಗದ ಮಿತಿ ಗಂಟೆಗೆ 55 ಮೈಲಿ.

ಸುರಕ್ಷಾ ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಡ್ಡ ಕಟ್ಟಿ; ಚೆಂಡು ಕಳಚಿದರೆ ಮೂತಿ ನೆಲಕ್ಕೆ ಬೀಳದೆ ಸರಪಳಿಯ ಮೇಲೆ ನಿಲ್ಲುತ್ತದೆ. ನಂತರ ಖಾಲಿ ಮೈದಾನದಲ್ಲಿ 20-25 ಮೈಲಿ ವೇಗದಲ್ಲಿ ಹೋಗುತ್ತಾ ಬ್ರೇಕ್ ಕಂಟ್ರೋಲರಿನ (ಟ್ರೇಲರಿನ ಬ್ರೇಕನ್ನು ನಿಯಂತ್ರಿಸಲು ಚಾಲಕನ ಬಳಿ ಇರುವ ಸಾಧನ) ಕೈಹಿಡಿಯನ್ನಷ್ಟೇ ಒತ್ತಿ. ಟ್ರೇಲರಿನ ಚಕ್ರ ಬಿಗಿದು ಜಾರಿದರೆ ಗೇನ್ (ಬ್ರೇಕಿನ ಬಲದ ಮಟ್ಟ) ಇಳಿಸಿ, ಎಳೆತ ಸಾಲದಿದ್ದರೆ ಏರಿಸಿ.

ಕ್ಯಾಂಪರನ್ನು ಟ್ರಕ್ಕಿಗೆ ಬಿಗಿದಿರುವ ಟರ್ನ್‌ಬಕಲ್‌ಗಳು (ತಿರುಗಿಸಿ ಬಿಗಿಯುವ ಕೊಂಡಿಗಳು) ಮೊದಲ 50 ಮೈಲಿಯಲ್ಲಿ ಸಡಿಲಗೊಳ್ಳುವುದು ಸಾಮಾನ್ಯ, ನಿಲ್ಲಿಸಿ ಬಿಗಿಯಿರಿ. ಬೆಡ್ ಮೇಲೆ ದಪ್ಪ ರಬ್ಬರ್ ಹಾಸಿದ್ದರೆ ಕ್ಯಾಂಪರ್ ಜಾರುವುದು ಕಡಿಮೆ.

ಹೊರಡುವ ಮುನ್ನ ಎ.ಸಿ.ಯ ತುದಿಯವರೆಗಿನ ಎತ್ತರ, ಕನ್ನಡಿ ಸೇರಿದ ಅಗಲ, ಒಟ್ಟು ಉದ್ದ ಅಳೆದು ಕಣ್ಣೆದುರು ಬರೆದಂಟಿಸಿ. ಮೊಂಟಾನಾ ರಾಜ್ಯದ ಗ್ಲೇಸಿಯರ್ ನ್ಯಾಷನಲ್ ಪಾರ್ಕಿನ ಗೋಯಿಂಗ್-ಟು-ದ-ಸನ್ ರಸ್ತೆಯಲ್ಲಿ ಅವಲಾಂಚ್ ಕ್ರೀಕ್‌ನಿಂದ ರೈಸಿಂಗ್ ಸನ್‌ವರೆಗೆ 21 ಅಡಿಗಿಂತ ಉದ್ದದ, ಕನ್ನಡಿ ಸೇರಿ 8 ಅಡಿಗಿಂತ ಅಗಲದ ಗಾಡಿಗೆ ಪ್ರವೇಶವಿಲ್ಲ. ಡ್ಯುಯಲಿಯ ಮೇಲೆ ಕ್ಯಾಂಪರ್ ಹೊತ್ತವರು ಟ್ರೇಲರ್ ಬಿಚ್ಚಿಟ್ಟರೂ ಈ ಅಳತೆಗೆ ಇಳಿಯುವುದಿಲ್ಲ. ಅವರು ಪಾರ್ಕಿನ ಶಟಲ್ ಬಸ್ಸಿನ ವ್ಯವಸ್ಥೆ ಹೇಗಿದೆ, ಟಿಕೆಟ್ ಕಾಯ್ದಿರಿಸಬೇಕೇ ಎಂದು ಮೊದಲೇ ವಿಚಾರಿಸಬೇಕು.