ಗೋಡೆಗೊಂದು ಕಿವಿ: ಕದ್ದಾಲಿಕೆ ನಳಿಕೆಯ ಮಾದರಿ ಕಟ್ಟುವ ಕ್ರಮ

1650ರಲ್ಲಿ ರೋಮ್‌ನಲ್ಲಿ ಅಚ್ಚಾದ ‘ಮುಸುರ್ಗಿಯಾ ಯೂನಿವರ್ಸಾಲಿಸ್’ ಗ್ರಂಥದಲ್ಲಿ ಜೆಸ್ವಿಟ್ ಪಾದ್ರಿ ಅಥನೇಸಿಯಸ್ ಕಿರ್ಷರ್, ಶಂಖದಂತೆ ಸುರುಳಿ ಸುತ್ತಿದ ಭಾರಿ ನಳಿಕೆಗಳನ್ನು ಅರಮನೆಯ ಗೋಡೆಯೊಳಗೆ ಹುದುಗಿಸುವ ನಕ್ಷೆ ಕೊಟ್ಟಿದ್ದಾನೆ. ನಳಿಕೆಯ ಅಗಲವಾದ ಬಾಯಿ ಹೊರಗಿನ ಚೌಕದ ಕಡೆಗೆ ತೆರೆದಿರುತ್ತದೆ, ಕಿರಿದಾದ ತುದಿ ಒಳಕೋಣೆಯ ಪ್ರತಿಮೆಯ ತುಟಿಗೆ ಸೇರುತ್ತದೆ. ಚೌಕದಲ್ಲಿ ಜನ ಆಡಿದ ಮಾತು ಪ್ರತಿಮೆಯೇ ಉಸುರಿದಂತೆ ಒಳಗಿದ್ದವರಿಗೆ ಕೇಳಿಸಬೇಕೆಂಬುದು ಅವನ ಎಣಿಕೆ. ಹಾಸನ ಜಿಲ್ಲೆಯ ಪ್ರೌಢಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇದರ ಮಾದರಿಯನ್ನು ಒಂದು ಮಧ್ಯಾಹ್ನದಲ್ಲಿ ಸಿದ್ಧಪಡಿಸಬಹುದು.

ತೋಟಕ್ಕೆ ನೀರು ಹಾಯಿಸುವ ಒಂದು ಇಂಚಿನ ಪೈಪು ಸುಮಾರು 10 ಮೀಟರ್, ದಪ್ಪನೆಯ ಡ್ರಾಯಿಂಗ್ ಹಾಳೆ, ಟೇಪು ಮತ್ತು ಹದವಾದ ಜೇಡಿಮಣ್ಣು ಸಾಕು. ಪೈಪು ಹಳೆಯದಾದರೆ ಒಳಗಿನ ನೀರನ್ನು ಪೂರ್ತಿ ಬಸಿಯಿರಿ. ಬಾಗಿನಲ್ಲಿ ಒಂದು ಗುಟುಕು ನೀರು ನಿಂತರೂ ಮಾತು ಅಲ್ಲಿಗೇ ನಿಂತುಬಿಡುತ್ತದೆ.

ಹಾಳೆಯ ಒಂದು ಮೂಲೆಯನ್ನು ಕೇಂದ್ರವಾಗಿಟ್ಟುಕೊಂಡು, ದಾರ ಕಟ್ಟಿದ ಪೆನ್ಸಿಲಿನಿಂದ 55 ಸೆಂ.ಮೀ. ತ್ರಿಜ್ಯದ ಕಾಲು ವೃತ್ತ ಎಳೆದು ಕತ್ತರಿಸಿರಿ. ಅಂಚುಗಳು ತುಸು ಒಂದರ ಮೇಲೊಂದು ಬರುವಂತೆ ಸುತ್ತಿದರೆ ಸುಮಾರು 25 ಸೆಂ.ಮೀ. ಬಾಯಿಯ ತುತ್ತೂರಿಯಾಗುತ್ತದೆ. ಚೂಪಾದ ಕಡೆಯಿಂದ ಏಳು ಸೆಂ.ಮೀ.ನಷ್ಟು ಕತ್ತರಿಸಿ, ಪೈಪಿನ ಮೇಲೆ ಬಿಗಿಯಾಗಿ ಕೂರಿಸಿ, ಸಂದಿಗೆ ಮಣ್ಣು ಮೆತ್ತಿರಿ. ಪೈಪಿನ ಇನ್ನೊಂದು ತುದಿಯನ್ನು ಪಕ್ಕದ ಕೋಣೆಗೆ ಒಯ್ದು, ನಡುವಿನ ಬಾಗಿಲನ್ನು ಪೈಪು ಜಜ್ಜಿಹೋಗದಂತೆ ಮುಚ್ಚಿರಿ.

ಪರೀಕ್ಷೆಗೆ ಬೇಲೂರು, ಆಲೂರು, ಕಡೂರು, ಗೊರೂರು ಎಂಬ ಹೆಸರುಗಳನ್ನು ಕ್ರಮ ತಪ್ಪಿಸಿ ಮೆಲುದನಿಯಲ್ಲಿ ಹೇಳಿಸಿರಿ. ಬಾಲವೆಲ್ಲ ಒಂದೇ ಆಗಿರುವುದರಿಂದ ಕೇಳುವವರು ಊಹಿಸಿ ಪಾರಾಗುವಂತಿಲ್ಲ. ಮೊದಲ ಅಕ್ಷರಗಳು ಸ್ಪಷ್ಟವಾಗಿ ಬಂದರಷ್ಟೇ ಊರು ತಿಳಿಯುತ್ತದೆ.

ಈಗ ಪೈಪನ್ನು ನೆಟ್ಟಗೆ ಚಾಚಿ ಒಮ್ಮೆ, ದೊಡ್ಡ ಸುರುಳಿಯಾಗಿ ಸುತ್ತಿ ಇನ್ನೊಮ್ಮೆ ಕೇಳಿರಿ. ದನಿಯೂ ಬೆಳಕಿನಂತೆ ಪ್ರತಿಫಲಿಸುತ್ತ ಸುರುಳಿಯಲ್ಲಿ ಬಲಗೊಳ್ಳುತ್ತದೆಂದು ಕಿರ್ಷರ್ ನಂಬಿದ್ದ, ಆದರೆ ಸುತ್ತಿದ್ದರಿಂದ ಮಾತು ಜೋರಾಗುವುದಿಲ್ಲ. ತುತ್ತೂರಿಯನ್ನು ಕಳಚಿದರೆ ಮಾತ್ರ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ: ಅಗಲವಾದ ಬಾಯಿ ಹೆಚ್ಚು ದನಿಯನ್ನು ಹಿಡಿದು ಕ್ರಮೇಣ ಕಿರಿದಾದ ದಾರಿಗೆ ಇಳಿಸುತ್ತದೆ, ಪೈಪು ಅದನ್ನು ಚದುರಲು ಬಿಡದೆ ಸಾಗಿಸುತ್ತದೆ. ನನ್ನ ಮಟ್ಟಿಗೆ ಆ ನಕ್ಷೆಯ ದೊಡ್ಡ ದೋಷ ಸುರುಳಿಯಲ್ಲ, ಬಯಲಿಗೆ ತೆರೆದ ಬಾಯಿ. ಅದನ್ನು ಹಾಸನದ ಬಸ್ ನಿಲ್ದಾಣದ ಎದುರು ಇಟ್ಟರೆ ಒಳಗೆ ತಲುಪುವುದು ಕಂಡಕ್ಟರರ ಕೂಗು ಮತ್ತು ಹಾರನ್ನುಗಳ ಕಲಸುಮೇಲೋಗರವೇ ಹೊರತು ಯಾರ ಗುಟ್ಟೂ ಅಲ್ಲ.

ಕೇಳುವ ತುದಿಗೆ ಜೇಡಿಮಣ್ಣಿನ ಮುಖವೊಂದನ್ನು ಮಾಡಿ ಪೈಪನ್ನು ಅದರ ತುಟಿಗಳ ನಡುವೆ ಕೂರಿಸಿರಿ. ತುತ್ತೂರಿಯ ಪಕ್ಕದಲ್ಲಿ, ಇಲ್ಲಿ ಆಡಿದ ಮಾತು ಪಕ್ಕದ ಕೋಣೆಗೆ ಕೇಳಿಸುತ್ತದೆ ಎಂಬ ಫಲಕವನ್ನು ತಪ್ಪದೆ ಹಾಕಿರಿ.