ಎಲ್‌ಕೆಜಿ ಯಾವಾಗ? ಒಂದನೇ ತರಗತಿಯಿಂದ ಹಿಂದಕ್ಕೆ ಎಣಿಸಿ

ಮಗುವಿಗೆ ಮೂರು ತುಂಬುತ್ತಿದ್ದಂತೆ ಮನೆಯಲ್ಲಿ ಸ್ಕೂಲಿನ ಮಾತು ಶುರುವಾಗುತ್ತದೆ. ಅರ್ಜಿ ತರುವ ಮೊದಲು ಕ್ಯಾಲೆಂಡರ್ ಹಿಡಿದು ಕೂತು ಒಂದನೇ ತರಗತಿಯಿಂದ ಹಿಂದಕ್ಕೆ ಎಣಿಸಿ.

ಕರ್ನಾಟಕದಲ್ಲಿ ಒಂದನೇ ತರಗತಿ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ಆದೇಶ 2022ರ ಜುಲೈನಲ್ಲಿ ಬಂತು, 2025-26ರಿಂದ ಜಾರಿ ಎಂದಾಯಿತು. ಅಷ್ಟರಲ್ಲಿ ಬೇಗ ಸೇರಿ ಯುಕೆಜಿ ಮುಗಿಸಿದ್ದ ಮಕ್ಕಳು ನಡುವೆ ಸಿಕ್ಕಿಕೊಂಡರು. ಅವರಿಗಾಗಿ ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಇಳಿಸಲಾಯಿತು. ಅಂಥ ಸಡಿಲಿಕೆಯನ್ನೇ ನೆಚ್ಚಿ ಈಗಿನ ಮಗುವನ್ನು ಬೇಗ ಕಳಿಸಬೇಡಿ. ಆಯಾ ವರ್ಷದ ಸುತ್ತೋಲೆಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ ತಿಳಿಯಿರಿ.

ಲೆಕ್ಕ ಸರಳ: ಜೂನ್ 1ಕ್ಕೆ 5 ತುಂಬಿದರೆ ಯುಕೆಜಿ, 4 ತುಂಬಿದರೆ ಎಲ್‌ಕೆಜಿ, 3 ತುಂಬಿದರೆ ನರ್ಸರಿ. ಎಡವುವುದು ಜೂನ್‌ನಿಂದ ಡಿಸೆಂಬರ್ ಒಳಗೆ ಹುಟ್ಟಿದ ಮಕ್ಕಳ ವಿಷಯದಲ್ಲಿ. 2022ರ ಜುಲೈ 20ರಂದು ಹುಟ್ಟಿದ ಮಗುವಿಗೆ 2026ರ ಜೂನ್‌ನಲ್ಲಿ 3 ವರ್ಷ 10 ತಿಂಗಳು. 'ಎರಡು ತಿಂಗಳು ತಾನೆ' ಎಂದು ಎಲ್‌ಕೆಜಿಗೆ ಸೇರಿಸಿದರೆ 2028ರಲ್ಲಿ ಯುಕೆಜಿ ಮುಗಿಯುತ್ತದೆ, ಆದರೆ ಆ ಜೂನ್ 1ಕ್ಕೆ 5 ವರ್ಷ 10 ತಿಂಗಳಷ್ಟೇ. ಜೊತೆಯವರೆಲ್ಲ ಒಂದನೇ ತರಗತಿಗೆ ಹೋದಾಗ ಈ ಮಗು ಯುಕೆಜಿಯಲ್ಲೇ ಮತ್ತೊಂದು ವರ್ಷ ಕೂರಬೇಕು. ತಾನು ಫೇಲಾದೆ ಎಂದೇ ಅದಕ್ಕೆ ಅನ್ನಿಸುತ್ತದೆ, ಫೀಸೂ ಇನ್ನೊಂದು ಸಲ. ಅದೇ ಮಗು 2026ರಲ್ಲಿ ನರ್ಸರಿಗೋ ಅಂಗನವಾಡಿಗೋ ಹೋಗಿ 2027ರಲ್ಲಿ ಎಲ್‌ಕೆಜಿ ಸೇರಿದರೆ ಎಲ್ಲೂ ತಡೆಯಿಲ್ಲ. ಕಾಯುವ ವರ್ಷಕ್ಕೆ ಅಂಗನವಾಡಿ ಒಳ್ಳೆಯ ದಾರಿ: 3 ತುಂಬಿದವರಿಗೆ ಆಟ, ಹಾಡು, ಊಟ ಎಲ್ಲವೂ ಉಚಿತ.

ಕೇಂದ್ರೀಯ ವಿದ್ಯಾಲಯದಲ್ಲಿ ವಯಸ್ಸನ್ನು ಮಾರ್ಚ್ 31ಕ್ಕೆ ಲೆಕ್ಕ ಹಾಕುತ್ತಾರೆ. ಏಪ್ರಿಲ್, ಮೇನಲ್ಲಿ ಹುಟ್ಟಿದವರು ಎರಡೂ ದಿನಾಂಕ ನೋಡಿಕೊಳ್ಳಬೇಕು.

ಜನ್ಮದಿನಾಂಕವನ್ನು ತಿದ್ದಿಸುವ ಯೋಚನೆ ಬೇಡವೇ ಬೇಡ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಒಂದಕ್ಕೊಂದು ತಾಳೆಯಾಗದೆ ಮುಂದೆ ಮಾರ್ಕ್ಸ್ ಕಾರ್ಡಿಗೂ ಪಾಸ್‌ಪೋರ್ಟಿಗೂ ಮಗುವೇ ಅಲೆಯಬೇಕಾಗುತ್ತದೆ.

ವಯಸ್ಸು ಕೂಡಿಬಂದ ಮೇಲೆ ಮಗುವನ್ನು ನೋಡಿ. ಅಕ್ಷರ, ಅಂಕಿ ಬರುತ್ತದೆಯೇ ಎಂಬುದು ಇಲ್ಲಿ ಮುಖ್ಯವಲ್ಲ. ಒಂದಕ್ಕೆ, ಎರಡಕ್ಕೆ ಬಂದಾಗ ಬಾಯಿಬಿಟ್ಟು ಹೇಳುತ್ತದೆಯೇ? ಚಡ್ಡಿ ತಾನೇ ಇಳಿಸಿಕೊಳ್ಳುತ್ತದೆಯೇ? ಇಲ್ಲದಿದ್ದರೆ ಗುಂಡಿ, ಜಿಪ್ ಬಿಟ್ಟು ಎಲಾಸ್ಟಿಕ್ ಇರುವುದನ್ನೇ ಹಾಕಿ. ಮನೆಯಲ್ಲಿ ಕಮೋಡ್ ಮಾತ್ರ ಬಳಸಿದ ಮಗು ಶಾಲೆಯ ಇಂಡಿಯನ್ ಟಾಯ್ಲೆಟ್ ಕಂಡು ಹೆದರಿ ಮಧ್ಯಾಹ್ನದವರೆಗೂ ತಡೆದುಕೊಳ್ಳುವುದುಂಟು. ಬೇಸಿಗೆ ರಜೆಯಲ್ಲೇ ರೂಢಿ ಮಾಡಿಸಿ. ಮೂತ್ರಕ್ಕೆ ಮನೆಯಲ್ಲಿ 'ಸೂಸು' ಎನ್ನುವುದಾದರೆ ಆ ಪದವನ್ನು ಟೀಚರಿಗೆ ಮೊದಲ ದಿನವೇ ತಿಳಿಸಿ. ಇಂಗ್ಲಿಷ್ ಶಾಲೆಗಳಲ್ಲಿ ಇದು ಇನ್ನೂ ಮುಖ್ಯ.

ಡಬ್ಬಿಯ ಮುಚ್ಚಳ ತೆಗೆದು ಹತ್ತು-ಹದಿನೈದು ನಿಮಿಷದಲ್ಲಿ ಕೈಯಾರೆ ತಿನ್ನಲಿ. 'ಚಪ್ಪಲಿ ಬಿಟ್ಟು ಬಂದು ಚಾಪೆ ಮೇಲೆ ಕೂತ್ಕೋ' ಎಂದರೆ ಎರಡೂ ಕೆಲಸ ಮಾಡಲಿ. ಅಜ್ಜಿ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಮ್ಮನಿಲ್ಲದೆ ಮೊದಲು ಅರ್ಧ ಗಂಟೆ, ಆಮೇಲೆ ಎರಡು ಗಂಟೆ ಬಿಟ್ಟು ನೋಡಿ. ಹೇಳದೆ ಕದ್ದು ಹೋಗಬೇಡಿ. ಒಮ್ಮೆ ಹಾಗಾದರೆ ಮಗು ಮುಂದೆ ಸೆರಗನ್ನೇ ಬಿಡುವುದಿಲ್ಲ.

ಇವುಗಳಲ್ಲಿ ಒಂದೆರಡು ಬಾರದಿದ್ದರೆ ಎರಡು ತಿಂಗಳಲ್ಲಿ ಕಲಿಸಬಹುದು. ನಾಲ್ಕರ ಹೊತ್ತಿಗೂ ಮಾತು ಹೊರಗಿನವರಿಗೆ ಅರ್ಥವಾಗದಿದ್ದರೆ ಅಥವಾ ಕರೆದರೆ ತಿರುಗದಿದ್ದರೆ, ಶಾಲೆಗೆ ಹೋದರೆ ಸರಿಹೋದೀತೆಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ.

ಮೊದಲ ಎರಡು-ಮೂರು ವಾರ ಗೇಟಿನಲ್ಲಿ ಅಳುವುದು ಸಹಜ. ನೀವು ಹೋದ ಮೇಲೆ ಎಷ್ಟು ಹೊತ್ತು ಅಳುತ್ತದೆ ಎಂದು ಟೀಚರನ್ನು ಕೇಳಿ. ಹತ್ತು ನಿಮಿಷಕ್ಕೆ ಆಟಕ್ಕೆ ತಿರುಗಿದರೆ ಬಿಡಿಸಬೇಡಿ. ತಿಂಗಳಾದರೂ ಊಟ ಬಿಟ್ಟು, ನಿದ್ದೆಯಲ್ಲಿ ಬೆಚ್ಚಿ, ಹಾಸಿಗೆ ಒದ್ದೆ ಮಾಡಲು ಮತ್ತೆ ಶುರುಮಾಡಿದರೆ ಶಾಲೆಯಲ್ಲಿ ಏನಾಗುತ್ತಿದೆ ಎಂದು ವಿಚಾರಿಸಿ, ಮೊದಲು ಅರ್ಧ ದಿನಕ್ಕೆ ಇಳಿಸಿ.